ಹುಲ್ಲಿನ ರೌಂಡ್ ಬೇಲರ್ ಕೈಕೊಟ್ಟರೆ: ಬೋಲ್ಟ್ ಬಿಚ್ಚುವ ಮೊದಲು ಏನು ನೋಡಬೇಕು

ನಾರಾಯಣಪುರ ಎಡದಂಡೆ ಕಾಲುವೆ ಕೆಳಗಿನ ಊರುಗಳಲ್ಲಿ, ಅಂದರೆ ಹುಣಸಗಿ, ಸುರಪುರ, ಶಹಾಪುರದ ಕಡೆ, ಭತ್ತದ ಕೊಯ್ಲು ಮುಗಿದರೆ ಹುಲ್ಲಿನ ಗಡಿಬಿಡಿ ಶುರು. ಕೊಯ್ಲಿನ ಮಷಿನ್, ಅಂದರೆ ಕಂಬೈನ್, ಸಾಲಾಗಿ ಬಿಟ್ಟು ಹೋದ ಹುಲ್ಲನ್ನು ರೌಂಡ್ ಬೇಲರ್ ಎತ್ತಿಕೊಂಡು, ಸುತ್ತಿ, ಸುತಳಿ ಕಟ್ಟಿ ಹಿಂದೆ ಉರುಳಿಸುತ್ತದೆ. ಸಣ್ಣ ಟ್ರ್ಯಾಕ್ಟರ್ ಹಿಂದೆ ಹಾಕುವುದು ಚಿಕ್ಕ ಬೇಲರ್. ರೋಲ್ ಸುಮಾರು ಎರಡಡಿ ದಪ್ಪ, ಮೂರಡಿ ಉದ್ದ ಬರುತ್ತದೆ. ಭತ್ತದ ಹುಲ್ಲಾದರೆ ತೂಕ 18ರಿಂದ 25 ಕೆಜಿ. ಒಬ್ಬನೇ ಎತ್ತಿ ಟ್ರಾಲಿಗೆ ಹಾಕಬಹುದು.

ಮಷಿನ್ ನಿಂತ ಕೂಡಲೇ ಎಲ್ಲರೂ ಸ್ಪ್ಯಾನರ್ ಹಿಡಿದು ಬೇಲರ್ ಹತ್ತಿರ ಓಡುತ್ತಾರೆ. ಚೈನ್ ಬಿಗಿ ಮಾಡುತ್ತಾರೆ, ಸ್ಪ್ರಿಂಗ್ ತಿರುಗಿಸುತ್ತಾರೆ. ಆಮೇಲೆ ಇದ್ದ ಸೆಟ್ಟಿಂಗ್ ಕೂಡ ಹೋಗಿ ಮಿಸ್ತ್ರಿಗೆ ಫೋನ್ ಮಾಡುತ್ತಾರೆ. ನನ್ನ ಲೆಕ್ಕ ಉಲ್ಟಾ. ಮೊದಲು ಹುಲ್ಲು ನೋಡಿ, ಆಮೇಲೆ ಟ್ರ್ಯಾಕ್ಟರ್ ನೋಡಿ, ಬೇಲರ್ ಕೊನೆಗೆ. ಬೇಲರ್ ಮೇಲೆ ಬರುವ ದೂರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬೇಲರ್‌ದೇ ಅಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಕ್ಕಿಕೊಂಡ ಹುಲ್ಲು ತೆಗೆಯುವಾಗ ಪಿಟಿಓ (ಟ್ರ್ಯಾಕ್ಟರ್ ಹಿಂದಿನಿಂದ ಬೇಲರ್‌ಗೆ ತಿರುಗುವ ಶಕ್ತಿ ಕೊಡುವ ಶಾಫ್ಟ್) ಬಿಡಿಸಿ, ಇಂಜಿನ್ ಬಂದ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಓಡುತ್ತಿರುವ ಪಿಕಪ್, ಅಂದರೆ ಬೇಲರ್ ಮುಂದೆ ಹುಲ್ಲು ಎತ್ತುವ ಹಲ್ಲಿನ ಭಾಗ, ಹುಲ್ಲು ಎಳೆಯುವ ವೇಗಕ್ಕೆ ಕೈಯಲ್ಲಿ ಹಿಡಿದ ಹುಲ್ಲು ಬಿಡುವಷ್ಟೂ ಹೊತ್ತು ಸಿಗುವುದಿಲ್ಲ. ಹೆಗಲ ಮೇಲಿನ ಟವೆಲ್, ಧೋತರದ ಅಂಚು, ಸೀರೆ ಸೆರಗು, ಇವನ್ನು ಪಿಟಿಓ ಶಾಫ್ಟ್ ಹತ್ತಿರ ತರಲೇಬೇಡಿ. ಹಿಂದಿನ ಬಾಗಿಲು ಎತ್ತಿ ಒಳಗೆ ಬಗ್ಗುವುದಾದರೆ ಅದರ ಲಾಕ್ ಹಾಕಿ. ಲಾಕ್ ಇಲ್ಲದಿದ್ದರೆ ಗಟ್ಟಿ ಕಟ್ಟಿಗೆ ಆನಿಸಿ. ಹೈಡ್ರಾಲಿಕ್ ಪೈಪ್ ನಂಬಿ ತಲೆ ಒಳಗೆ ಹಾಕಬಾರದು.

ಶಿಯರ್ ಬೋಲ್ಟ್ ಮೇಲಿಂದ ಮೇಲೆ ತುಂಡಾಗುತ್ತಿದ್ದರೆ

ಭಾರ ಜಾಸ್ತಿಯಾದಾಗ ತಾನು ತುಂಡಾಗಿ ಮಷಿನ್ ಉಳಿಸುವ ಬೋಲ್ಟೇ ಶಿಯರ್ ಬೋಲ್ಟ್. ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡವರ ಮೊದಲ ದೂರು ಇದೇ. "ಮಷಿನ್ ಬರೋಬ್ಬರಿ ಇಲ್ರೀ, ದಿನಾ ಬೋಲ್ಟ್ ತಿಂತದ" ಅನ್ನುತ್ತಾರೆ. ನಾನು ಕೇಳುವುದು ಒಂದೇ: "ಯಾವಾಗ ತುಂಡಾಗ್ತದ?" ಉತ್ತರ ಮೂರರಲ್ಲಿ ಒಂದು ಇರುತ್ತದೆ. ಪಿಟಿಓ ಹಾಕಿದ ತಕ್ಷಣ, ಅಥವಾ ಹುಲ್ಲು ತುಂಬುತ್ತಾ ಹೋಗುವಾಗ, ಅಥವಾ ರೋಲ್ ತುಂಬಿ ಸುತಳಿ ಕಟ್ಟುವ ಹೊತ್ತಿಗೆ. ಈ ಮೂರಕ್ಕೂ ಕಾರಣ ಬೇರೆ ಬೇರೆ.

ಪಿಟಿಓ ಹಾಕಿದ ತಕ್ಷಣ ತುಂಡಾದರೆ ಡ್ರೈವರ್ ಕೈ ನೋಡಿ. ಇಂಜಿನ್ ಜೋರಾಗಿ ಓಡುತ್ತಿರುವಾಗಲೇ ಪಿಟಿಓ ಲಿವರ್ ಎಳೆದರೆ ನಿಂತಿದ್ದ ರೋಲರ್‌ಗಳಿಗೆ ಒಮ್ಮೆಲೇ ಏಟು ಬೀಳುತ್ತದೆ. ರೇಸ್ ಇಳಿಸಿ, ಪಿಟಿಓ ಹಾಕಿ, ನಿಧಾನವಾಗಿ ರೇಸ್ ಏರಿಸಬೇಕು. ನಿನ್ನೆ ಸಂಜೆ ಅರ್ಧ ತುಂಬಿದ ಚೇಂಬರ್ (ಹುಲ್ಲು ಸುತ್ತಿ ರೋಲ್ ಆಗುವ ಗೂಡು) ಹಾಗೇ ಬಿಟ್ಟು ಹೋಗಿದ್ದರೆ ಅದೂ ಒಂದು ಕಾರಣ. ರಾತ್ರಿ ಇಬ್ಬನಿ ಕುಡಿದ ಹುಲ್ಲು ಬೆಳಿಗ್ಗೆ ರೋಲರ್‌ಗೆ ಅಂಟಿಕೊಂಡು ಕೂತಿರುತ್ತದೆ. ಕೆಲಸ ನಿಲ್ಲಿಸುವಾಗ ಚೇಂಬರ್ ಖಾಲಿ ಮಾಡಿ ನಿಲ್ಲಿಸಿ.

ತುಂಬುವಾಗ ತುಂಡಾದರೆ ಹುಲ್ಲಿನ ಸಾಲಿನ ಮೇಲೆ ಒಮ್ಮೆ ನಡೆದು ಹೋಗಿ. ಕಂಬೈನ್ ನಿಂತ ಕಡೆ, ತಿರುಗಿದ ಕಡೆ ಹುಲ್ಲು ಗುಡ್ಡೆ ಬಿದ್ದಿರುತ್ತದೆ. ಚೈನ್ ಗಾಲಿಯ ಕಂಬೈನ್ ಹಸಿ ಗದ್ದೆಯಲ್ಲಿ ಓಡಿದ್ದರೆ ಎರೆ ಮಣ್ಣಿನ ಹೆಂಟೆ ಹುಲ್ಲಿನ ಜೊತೆ ಸೇರಿರುತ್ತದೆ. ಗುಡ್ಡೆಯನ್ನು ಕೈಯಿಂದಲೋ ರೇಕ್‌ನಿಂದಲೋ ಹರಡಿ. ಇಲ್ಲಾಂದ್ರೆ ಅಲ್ಲಿ ಗೇರ್ ಇಳಿಸಿ ಹೋಗಿ. ರೇಸ್ ಇಳಿಸಬೇಡಿ. ಪಿಟಿಓ ವೇಗ ಹಾಗೇ ಇರಲಿ, ಗಾಲಿಯ ವೇಗ ಮಾತ್ರ ಕಡಿಮೆಯಾಗಲಿ. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಒದ್ದಾಡುವ ಡ್ರೈವರ್‌ಗಳು ಬಹಳ.

ಮೂರನೆಯದು ನಿಜವಾದ ತಲೆನೋವು. ರೋಲ್ ತುಂಬಿದ ಸೂಚನೆ ಬರುತ್ತದೆ. ಡ್ರೈವರ್ ಕ್ಲಚ್ ಒತ್ತಿ ಟ್ರ್ಯಾಕ್ಟರ್ ನಿಲ್ಲಿಸುತ್ತಾನೆ. ಸುತಳಿ ಸುತ್ತಬೇಕು ಅಂದರೆ ರೋಲ್ ಒಳಗೆ ತಿರುಗುತ್ತಲೇ ಇರಬೇಕು, ಟ್ರ್ಯಾಕ್ಟರ್ ಮಾತ್ರ ನಿಲ್ಲಬೇಕು. ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರ್‌ನಲ್ಲಿ ಅರ್ಧ ಒತ್ತಿದರೆ ಗಾಲಿ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಮಾತ್ರ ಪಿಟಿಓ ನಿಲ್ಲುತ್ತದೆ. ಪಿಟಿಓಗೆ ಬೇರೆಯೇ ಕ್ಲಚ್ ಇರುವ ಟ್ರ್ಯಾಕ್ಟರ್‌ಗಳಲ್ಲಿ ಈ ಚಿಂತೆಯೇ ಇಲ್ಲ. ಆದರೆ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಸಿಂಗಲ್ ಕ್ಲಚ್‌ನವೂ ಬಹಳ ಇವೆ. ಅಲ್ಲಿ ಕ್ಲಚ್ ಒತ್ತಿದರೆ ಗಾಲಿಯೂ ನಿಂತಿತು, ಪಿಟಿಓ ಕೂಡ ನಿಂತಿತು. ಚೇಂಬರ್ ಒಳಗೆ ಇಪ್ಪತ್ತು ಕೆಜಿ ಹುಲ್ಲು ಬಿಗಿಯಾಗಿ ಕೂತಿದೆ. ನ್ಯೂಟ್ರಲ್ ಮಾಡಿ ಕ್ಲಚ್ ಪಟ್ಟನೆ ಬಿಟ್ಟರೆ ಆ ಭಾರವನ್ನೆಲ್ಲ ನಿಂತ ಜಾಗದಿಂದ ಎತ್ತಬೇಕು. ಆ ಏಟಿಗೆ ಬೋಲ್ಟ್ ಹೋಗುತ್ತದೆ. ಬೋಲ್ಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದು ತುಂಡಾಗದಿದ್ದರೆ ಕ್ರಾಸ್ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಅಥವಾ ಗೇರ್‌ಬಾಕ್ಸ್ ಹೋಗುತ್ತಿತ್ತು.

ನಿಮ್ಮದು ಯಾವ ಕ್ಲಚ್ ಅಂತ ಗೊತ್ತಿಲ್ಲದಿದ್ದರೆ ಹೀಗೆ ನೋಡಿ. ಪಿಟಿಓ ಶಾಫ್ಟ್ ಪೂರ್ತಿ ಕಳಚಿ ಪಕ್ಕಕ್ಕಿಡಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಪಿಟಿಓ ಓಡಿಸಿ. ಒಬ್ಬರು ಸೀಟಿನಲ್ಲಿ ಕೂತು ಕ್ಲಚ್ ನಿಧಾನವಾಗಿ ಒತ್ತಲಿ, ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ಹಿಂದಿನ ಪಿಟಿಓ ತುದಿ ನೋಡಲಿ. ಪೆಡಲ್ ಅರ್ಧ ಹೋದಾಗಲೂ ಅದು ತಿರುಗುತ್ತಿದ್ದು, ಪೂರ್ತಿ ಒತ್ತಿದಾಗ ಮಾತ್ರ ನಿಂತರೆ ಡಬಲ್ ಕ್ಲಚ್.

ಸಿಂಗಲ್ ಕ್ಲಚ್ ಇದ್ದರೆ ಬೇಲರ್ ಮಾರಬೇಕಿಲ್ಲ, ಅಭ್ಯಾಸ ಬದಲಾಯಿಸಿದರೆ ನಡೆಯುತ್ತದೆ. ಚೇಂಬರ್ ಗಟ್ಟಿಯಾಗುವ ತನಕ ಕಾಯಬೇಡಿ, ಸ್ವಲ್ಪ ಮೊದಲೇ ನಿಲ್ಲಿಸಿ. ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಡುವ ಕೆಲಸ ಒಂದೇ ಉಸಿರಿನಲ್ಲಿ ಆಗಲಿ. ಆದರೆ ಪೆಡಲ್ ಜಾರಿಸಬೇಡಿ, ಮೆಲ್ಲಗೆ ಬಿಡಿ. ರೇಸ್ ಆ ಹೊತ್ತಿಗೆ ಸ್ವಲ್ಪ ಇಳಿದಿರಲಿ, ರೋಲ್ ತಿರುಗಲು ಶುರುವಾದ ಮೇಲೆ ಏರಿಸಿ. ಹೀಗೆ ಮಾಡಿದರೆ ರೋಲ್ ಒಂದೆರಡು ಕೆಜಿ ಹಗುರ ಬರುತ್ತದೆ. ಬೋಲ್ಟ್ ಬದಲಾಯಿಸಲು ಬಿಸಿಲಲ್ಲಿ ನಿಲ್ಲುವುದಕ್ಕಿಂತ ಅದು ಮೇಲು, ಅಲ್ವಾ?

ಇನ್ನು ತುಂಡಾದ ಬೋಲ್ಟನ್ನೇ ಒಮ್ಮೆ ನೋಡಿ. ಕತ್ತರಿಸಿದ ಮುಖ ನೇರವಾಗಿ, ಹೊಸದಾಗಿ ಹೊಳೆಯುತ್ತಿದ್ದರೆ ಒಮ್ಮೆಲೇ ಭಾರ ಬಿದ್ದಿದೆ. ಸುತ್ತ ತಿಕ್ಕಿ ಸವೆದ ಗೆರೆ ಇದ್ದರೆ ಬೋಲ್ಟ್ ಕೂರುವ ತೂತು ಸಡಿಲವಾಗಿದೆ. ಅಲ್ಲಿ ಎಷ್ಟು ಹೊಸ ಬೋಲ್ಟ್ ಹಾಕಿದರೂ ಬಡಿದು ಬಡಿದು ಹೋಗುತ್ತದೆ, ಹುಲ್ಲು ಇಲ್ಲದಾಗಲೂ ಹೋಗುತ್ತದೆ. ಬುಷ್ ಬದಲಾಯಿಸಬೇಕು. ಬೋಲ್ಟ್ ತಲೆ ಮೇಲೆ 8.8, 10.9 ಅಂತ ಬರೆದಿರುತ್ತದೆ. ಮಷಿನ್ ಪುಸ್ತಕದಲ್ಲಿ ಯಾವ ನಂಬರ್ ಇದೆಯೋ ಅದನ್ನೇ ತನ್ನಿ, ದಪ್ಪವೂ ಅದೇ ಇರಲಿ. ಅಂಗಡಿಯವನು "ಇದು ಇನ್ನೂ ಗಟ್ಟಿ, ತುಂಡಾಗೋದೇ ಇಲ್ಲ" ಅಂತ ಕೊಡುವ ಬೋಲ್ಟ್ ತರಬೇಡಿ. ತೂತಿಗೆ ವೆಲ್ಡಿಂಗ್ ರಾಡ್ ತುರುಕುವವರೂ ಇದ್ದಾರೆ. ಅಂಥವರಿಗೆ ಗೇರ್‌ಬಾಕ್ಸ್ ಬಿಲ್ ಬರುತ್ತದೆ.

ತಿರುವಿನಲ್ಲಿ ಮಾತ್ರ ಕಟಕಟ ಸದ್ದು ಬಂದು ಬೋಲ್ಟ್ ಹೋದರೆ ಅದು ಶಾಫ್ಟ್ ವಿಷಯ. ಸಣ್ಣ ಟ್ರ್ಯಾಕ್ಟರ್ ಹೊರಳುವ ಜಾಗ ಕಡಿಮೆ, ಡ್ರೈವರ್ ಬದುವಿನ ಹತ್ತಿರ ಪೂರ್ತಿ ಸ್ಟೇರಿಂಗ್ ತಿರುಗಿಸುತ್ತಾನೆ. ಕ್ರಾಸ್‌ಗಳು ಆ ಕೋನ ತಾಳುವುದಿಲ್ಲ. ಸಾಲು ಮುಗಿದ ಕೂಡಲೇ ಪಿಟಿಓ ಬಿಡಿಸಿ ತಿರುಗಿ. ಶಾಫ್ಟ್ ಉದ್ದವೂ ನೋಡಿ. ಒಂದು ಟ್ರ್ಯಾಕ್ಟರ್‌ಗೆ ಕತ್ತರಿಸಿದ ಶಾಫ್ಟ್ ಇನ್ನೊಂದಕ್ಕೆ ಹಾಕಿದಾಗ ಉದ್ದ ಆದರೆ ತಿರುವಿನಲ್ಲಿ ಒಳಕ್ಕೆ ಹೋಗಿ ತಳ ಮುಟ್ಟಿ ಗೇರ್‌ಬಾಕ್ಸನ್ನು ತಳ್ಳುತ್ತದೆ. ಗಿಡ್ಡ ಆದರೆ ಕಳಚಿಕೊಳ್ಳುತ್ತದೆ. ನೇರ ನಿಂತಾಗ ಒಳ ಕೊಳವೆ ಹೊರ ಕೊಳವೆಯೊಳಗೆ ಕನಿಷ್ಠ ಮೂರನೇ ಒಂದು ಪಾಲಾದರೂ ಇರಬೇಕು. ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕವಲುಗಳು ಒಂದೇ ಸಾಲಿನಲ್ಲಿ ಇರಬೇಕು. ಗ್ರೀಸ್ ಹಾಕಲು ಬಿಚ್ಚಿ, ಹೇಗೋ ಜೋಡಿಸಿದ ಶಾಫ್ಟ್ ನಡುಗುತ್ತಲೇ ಓಡುತ್ತದೆ.

ರೋಲ್ ತುಂಬಿತು, ಸುತಳಿ ಹತ್ತಲಿಲ್ಲ

ಬಾಗಿಲು ತೆಗೆದರೆ ಹುಲ್ಲು ಸಡಿಲವಾಗಿ ಹರಡಿಕೊಂಡು ಬೀಳುತ್ತದೆ. ಮಾಡಿದ ಕೆಲಸವೆಲ್ಲ ವ್ಯರ್ಥ. ಇಲ್ಲಿ ಸುತಳಿಯ ದಾರಿಯನ್ನೇ ಹಿಡಿದು ಹೋಗಬೇಕು, ಉಂಡೆಯಿಂದ ಬ್ಲೇಡ್ ತನಕ.

ಉಂಡೆಯ ಡಬ್ಬಿ ತೆಗೆಯಿರಿ. ಸುತಳಿ ಉಂಡೆಯ ಒಳಗಿನ ತುದಿಯಿಂದ ಬಿಚ್ಚಿಕೊಳ್ಳಬೇಕು. ಎರಡು ಉಂಡೆ ಜೋಡಿಸುವಾಗ ಮೊದಲ ಉಂಡೆಯ ಹೊರ ತುದಿಯನ್ನು ಎರಡನೆಯದರ ಒಳ ತುದಿಗೆ ಕಟ್ಟಬೇಕು. ಉಲ್ಟಾ ಕಟ್ಟಿದರೆ ಮೊದಲ ಉಂಡೆ ಮುಗಿಯುವ ಹೊತ್ತಿಗೆ ಗಂಟುಗಂಟಾಗಿ ನಿಲ್ಲುತ್ತದೆ. ಗಂಟು ಸಣ್ಣದಿರಲಿ, ಉಳಿದ ತುದಿ ಕತ್ತರಿಸಿ. ದಪ್ಪ ಗಂಟು ಕಣ್ಣಿಯಲ್ಲಿ (ಸುತಳಿ ಹಾಯುವ ಬಳೆಯಲ್ಲಿ) ಸಿಕ್ಕರೆ ಸುತಳಿ ಅಲ್ಲೇ ನಿಂತಿತು.

ಸುತಳಿ ಗುಣವೂ ಮುಖ್ಯ. ಅಗ್ಗದ ಸೆಣಬಿನ ಸುತಳಿಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಎಳೆ ಎಳೆ. ದಪ್ಪ ಇದ್ದಲ್ಲಿ ಕಣ್ಣಿಯಲ್ಲಿ ಹಿಡಿಯುತ್ತದೆ, ತೆಳು ಇದ್ದಲ್ಲಿ ಹರಿಯುತ್ತದೆ. ಪ್ಲಾಸ್ಟಿಕ್ ಸುತಳಿ ಒಂದೇ ಸಮ ಇರುತ್ತದೆ, ಆದರೆ ನುಣುಪು. ಸೆಣಬಿಗೆ ಮಾಡಿದ ಸ್ಪ್ರಿಂಗ್ ಬಿಗಿಯಲ್ಲಿ ಅದು ಜಾರಿಹೋಗುತ್ತದೆ. ಸುತಳಿ ಬದಲಾಯಿಸಿದರೆ ಬಿಗಿಯನ್ನೂ ಬದಲಾಯಿಸಬೇಕು. ಪ್ಲಾಸ್ಟಿಕ್ ಹಾಕಿದ ರೋಲ್ ಬಿಚ್ಚುವಾಗ ದನದ ಮುಂದೆ ಒಂದು ತುಂಡೂ ಬಿಡಬೇಡಿ. ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ.

ಕಣ್ಣಿಗಳಲ್ಲಿ ಸುತಳಿ ಸರಿಯಾಗಿ ಪೋಣಿಸಿದೆ, ಉಂಡೆಯೂ ಸರಿ ಇದೆ, ಆದರೂ ರೋಲ್ ಅದನ್ನು ಹಿಡಿದುಕೊಳ್ಳುತ್ತಿಲ್ಲ ಅಂದರೆ ಎರಡು ಸಂಗತಿ ನೋಡಿ. ಒಂದು, ಸುತಳಿಯನ್ನು ರೋಲ್ ಕಡೆ ಒಯ್ಯುವ ತೋಳಿನ ತುದಿಯಿಂದ ನೇತಾಡುವ ಸುತಳಿಯ ಉದ್ದ. ಗಿಡ್ಡ ಇದ್ದರೆ ರೋಲರ್ ಮತ್ತು ಹುಲ್ಲಿನ ನಡುವೆ ಅದು ಸಿಗುವುದೇ ಇಲ್ಲ. ಎಷ್ಟು ಬಿಡಬೇಕು ಅನ್ನುವುದು ಪುಸ್ತಕದಲ್ಲಿರುತ್ತದೆ. ಎರಡು, ಸುತಳಿ ಒಳಗೆ ಬಿಡುವ ಗಳಿಗೆ. ಟ್ರ್ಯಾಕ್ಟರ್ ಪೂರ್ತಿ ನಿಂತು, ಪಿಕಪ್ ಮೇಲಿನ ಹುಲ್ಲೆಲ್ಲ ಒಳಗೆ ಹೋದ ಮೇಲೆ ಸುತಳಿ ಬಿಟ್ಟರೆ ಅದನ್ನು ಎಳೆದುಕೊಂಡು ಹೋಗಲು ಹುಲ್ಲೇ ಇಲ್ಲ. ಕೊನೆಯ ಹುಲ್ಲಿನ ಜೊತೆಯಲ್ಲೇ ಸುತಳಿ ಒಳಗೆ ಹೋಗಬೇಕು. ಹತ್ತಿದ್ದು ಕಂಡ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ. ಹೊಸ ಡ್ರೈವರ್‌ಗಳಿಗೆ ಈ ಒಂದು ಗಳಿಗೆ ಕಲಿಸಿದರೆ ಅರ್ಧ ತೊಂದರೆ ಮುಗಿಯುತ್ತದೆ. ಕೈಯಿಂದ ಸುತಳಿ ತುರುಕಲು ಮಾತ್ರ ಯಾರನ್ನೂ ಬಿಡಬೇಡಿ.

ಸುತ್ತಿತು, ಆದರೆ ಕತ್ತರಿಸಲಿಲ್ಲ. ರೋಲ್ ಹೊರಗೆ ಬಿದ್ದ ಮೇಲೂ ಸುತಳಿ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಬ್ಲೇಡ್ ಮೊಂಡಾಗಿದೆ, ಅಥವಾ ಬ್ಲೇಡ್ ಮುಂದೆ ಹೊಟ್ಟು ಕೂತಿದೆ. ಹೊಟ್ಟು ಒರೆಸಿ, ಬ್ಲೇಡ್ ಮಸೆಯಿರಿ. ಭತ್ತದ ಹುಲ್ಲು ಒರಟು, ಅದರಲ್ಲಿ ಸಿಲಿಕಾ ಜಾಸ್ತಿ. ಅದು ಬ್ಲೇಡ್, ಕಣ್ಣಿ, ಪಿಕಪ್ ಹಲ್ಲು ಎಲ್ಲವನ್ನೂ ಬೇಗ ಸವೆಸುತ್ತದೆ. ಕಣ್ಣಿಯೊಳಗೆ ಬೆರಳಾಡಿಸಿ ನೋಡಿ, ಸುತಳಿ ಓಡಿದ ಜಾಗದಲ್ಲಿ ಗೀರು ಬಿದ್ದಿದ್ದರೆ ಆ ಅಂಚೇ ಸುತಳಿಯನ್ನು ಹರಿಯುತ್ತಿರುತ್ತದೆ.

ಟ್ರಾಲಿಗೆ ಏರಿಸುವಾಗ ರೋಲ್ ತುದಿಯಲ್ಲಿ ಬಿಚ್ಚಿಕೊಂಡರೆ ಸುತಳಿ ಅಂಚಿಗೆ ತೀರಾ ಹತ್ತಿರ ಬಿದ್ದು ಜಾರಿದೆ ಅಂತ ಅರ್ಥ. ತೋಳು ಎರಡೂ ಕಡೆ ಎಲ್ಲಿ ನಿಲ್ಲಬೇಕು ಅನ್ನುವ ತಡೆಯನ್ನು ಸ್ವಲ್ಪ ಒಳಕ್ಕೆ ತನ್ನಿ. ಸುತ್ತುಗಳ ನಡುವಿನ ಅಂತರವೂ ಜಾಸ್ತಿ ಇರಬಾರದು. ಸುತಳಿ ಉಳಿಸಲು ಹೋಗಿ ಬಾಡಿಗೆ ಗಿರಾಕಿ ಕಳೆದುಕೊಂಡವರಿದ್ದಾರೆ.

ಹುಲ್ಲು ಒಳಗೆ ಹೋಗುತ್ತದೆ, ತಿರುಗುವುದಿಲ್ಲ

ಇದರಲ್ಲಿ ಋತು ನೋಡಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರಿನ ಭತ್ತ ಕೊಯ್ದಾಗ ಬೆಳಿಗ್ಗೆ ಇಬ್ಬನಿ ಇರುತ್ತದೆ. ಏಪ್ರಿಲ್, ಮೇನಲ್ಲಿ ಬೇಸಿಗೆ ಭತ್ತ ಕೊಯ್ದಾಗ ನಮ್ಮ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಒಂದೇ ಮಷಿನ್, ಒಂದೇ ಡ್ರೈವರ್, ಆದರೆ ದೋಷ ಎರಡು ಥರ.

ಹಸಿ ಹುಲ್ಲು ರೋಲರ್‌ಗೆ ಸುತ್ತಿಕೊಳ್ಳುತ್ತದೆ, ಬೇರಿಂಗ್ ಪಕ್ಕದಲ್ಲಿ ಹಗ್ಗದಂತೆ ಬಿಗಿಯುತ್ತದೆ. ಚಾಕುವಿನಿಂದ ಕೊಯ್ದು ತೆಗೆಯಬೇಕಾಗುತ್ತದೆ. ಬೇಸಿಗೆ ಮಧ್ಯಾಹ್ನದ ಹುಲ್ಲು ಅದಕ್ಕೆ ವಿರುದ್ಧ. ಮುರಿದು ಪುಡಿಯಾಗಿ ಚೇಂಬರ್ ಒಳಗೆ ಸುಮ್ನೆ ಕುಣಿಯುತ್ತದೆ, ಉರುಳುವುದಿಲ್ಲ. ಒಂದು ಹಿಡಿ ಹುಲ್ಲು ತೆಗೆದುಕೊಂಡು ಎರಡೂ ಕೈಯಲ್ಲಿ ಹಿಂಡಿ ತಿರುಚಿ. ಎರಡು ಮೂರು ಸುತ್ತಿಗೆ ಒಂದಷ್ಟು ಎಳೆ ಮುರಿಯಬೇಕು. ಕೈಗೆ ತಂಪು ತಾಗಿ ಒಂದೂ ಮುರಿಯದಿದ್ದರೆ ಇನ್ನೂ ಹಸಿ. ಮೊದಲ ತಿರುವಿಗೇ ಪುಡಿಯಾದರೆ ತೀರಾ ಒಣಗಿದೆ. ತೇವದ ಮೀಟರ್ ಇದ್ದರೆ 15ರಿಂದ 18 ಪರ್ಸೆಂಟ್ ಒಳ್ಳೆಯದು, 20 ದಾಟಿದರೆ ಕಟ್ಟಬೇಡಿ. ಚಳಿಗಾಲದಲ್ಲಿ ಇಬ್ಬನಿ ಆರಿದ ಮೇಲೆ ಶುರು ಮಾಡಿ. ಬೇಸಿಗೆಯಲ್ಲಿ ಬೆಳಗಿನ ಜಾವ ಮತ್ತು ಸಂಜೆ ಕಟ್ಟಿ, ಮಧ್ಯಾಹ್ನ ಮಲಗಿ. ಮಷಿನ್‌ಗೂ ಒಳ್ಳೆಯದು.

ತೇವ ಸರಿ ಇದ್ದರೂ ತಿರುಗದಿದ್ದರೆ ಹುಲ್ಲಿನ ಉದ್ದ ನೋಡಿ. ಕಂಬೈನ್ ಹಿಂದೆ ಹುಲ್ಲು ಕತ್ತರಿಸುವ ಕಟ್ಟರ್ ಹಾಕಿದ್ದರೆ ಗೇಣುದ್ದದ ತುಂಡುಗಳು ಹೊಲ ತುಂಬ ಹರಡಿರುತ್ತವೆ. ಅದು ಉರುಳಿ ಬರುವುದಿಲ್ಲ. ಕೊಯ್ಯುವ ಮೊದಲೇ ಕಂಬೈನ್‌ನವರಿಗೆ ಹೇಳಿ ಕಟ್ಟರ್ ಬಿಡಿಸಬೇಕು. ಬೀದರ್ ಕಡೆಯವರು ಸೋಯಾ ಹೊಟ್ಟು ಕಟ್ಟಲು ನೋಡುತ್ತಾರೆ. ಅದು ಗಿಡ್ಡ, ಪೆಡಸು. ರೋಲ್ ಬಂದರೂ ಅಂಚು ಉದುರುತ್ತದೆ. ಜೋಳದ ಕಣಿಕೆಯ ದಪ್ಪ ದಂಟಿಗೆ ಚಿಕ್ಕ ಬೇಲರ್ ಮಾಡಿದ್ದಲ್ಲ. ಕಲಬುರಗಿಯ ಹೊಲದಲ್ಲಿ ತೊಗರಿ ಕೂಳೆ ಇದ್ದರಂತೂ ಪಿಕಪ್ ಇಳಿಸಲೇಬೇಡಿ. ಅದು ಕಟ್ಟಿಗೆ, ಹಲ್ಲು ಮುರಿಯುತ್ತದೆ.

ಇದೆಲ್ಲ ಸರಿ ಇದ್ದರೆ ಪಿಟಿಓ ವೇಗಕ್ಕೆ ಬನ್ನಿ. ಬೇಲರ್‌ಗೆ ನಿಮಿಷಕ್ಕೆ 540 ಸುತ್ತು ಬೇಕು. ಇಂಜಿನ್ ಎಷ್ಟು ಓಡಿದರೆ ಅದು ಸಿಗುತ್ತದೆ ಅನ್ನುವುದು ಟ್ರ್ಯಾಕ್ಟರ್‌ನಿಂದ ಟ್ರ್ಯಾಕ್ಟರ್‌ಗೆ ಬೇರೆ, ಮೀಟರ್ ಮೇಲೆ ಗುರುತು ಇರುತ್ತದೆ. ಖಾಲಿ ಓಡುವಾಗ 540 ತೋರಿಸಿ, ಭಾರ ಬಿದ್ದ ಮೇಲೆ ಇಂಜಿನ್ ಸದ್ದು ಕುಗ್ಗಿದರೆ ಟ್ರ್ಯಾಕ್ಟರ್‌ಗೆ ಶಕ್ತಿ ಸಾಲುತ್ತಿಲ್ಲ. ಬಾನೆಟ್ ಮೇಲೆ 35 ಎಚ್‌ಪಿ ಅಂತ ಬರೆದಿದ್ದರೂ ಪಿಟಿಓಗೆ ಬರುವುದು 30ರ ಆಸುಪಾಸು. ಏರ್ ಫಿಲ್ಟರ್ ಕಟ್ಟಿದ್ದರೆ ಅದೂ ಇಲ್ಲ. ಭತ್ತದ ಧೂಳಿನಲ್ಲಿ ಫಿಲ್ಟರ್ ಮತ್ತು ರೇಡಿಯೇಟರ್ ಜಾಲರಿ ದಿನಕ್ಕೆರಡು ಸಲವಾದರೂ ಜಾಡಿಸಬೇಕು. ಟೆಂಪರೇಚರ್ ಮುಳ್ಳು ಏರಿದರೆ ನೀರು ಹಾಕುವ ಮೊದಲು ಜಾಲರಿ ನೋಡಿ. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ.

ಡೊಂಕು ರೋಲ್, ಎತ್ತದ ಪಿಕಪ್, ಮುಚ್ಚದ ಬಾಗಿಲು

ರೋಲ್ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬಂದರೆ ಡ್ರೈವರ್ ಸಾಲಿನ ಒಂದೇ ಬದಿಯಲ್ಲಿ ಓಡಿಸುತ್ತಿದ್ದಾನೆ. ಸಾಲು ಪಿಕಪ್‌ಗಿಂತ ಕಿರಿದಿದ್ದರೆ ಸ್ವಲ್ಪ ದೂರ ಎಡಕ್ಕೆ, ಸ್ವಲ್ಪ ದೂರ ಬಲಕ್ಕೆ ತುಂಬಿಸಿ. ಹಾವಿನ ಹಾಗೆ ಹೊರಳಾಡಿಸಿದರೆ ಪ್ರಯೋಜನವಿಲ್ಲ, ನಡುವೆಯೇ ತುಂಬುತ್ತದೆ. ಇದಕ್ಕೆ ಸ್ಪ್ಯಾನರ್ ಬೇಡ.

ಪಿಕಪ್ ಹುಲ್ಲು ಬಿಟ್ಟು ಹೋದರೆ ಹಲ್ಲು ಮುರಿದಿವೆ, ಅಥವಾ ಎತ್ತರ ಜಾಸ್ತಿ ಇಟ್ಟಿದ್ದೀರಿ. ತೀರಾ ಇಳಿಸಿದರೆ ಎರೆ ಮಣ್ಣನ್ನೂ ಎತ್ತುತ್ತದೆ. ಹಲ್ಲಿನ ತುದಿ ನೆಲ ಕೆರೆಯಬಾರದು. ಕೂಳೆಯ ಮಟ್ಟದಲ್ಲಿ ಓಡಿದರೆ ಸಾಕು.

ಹಿಂದಿನ ಬಾಗಿಲು ಪೂರ್ತಿ ಕೂರದಿದ್ದರೆ ಕೊಂಡಿಯಲ್ಲಿ ಹುಲ್ಲಿನ ಚೂರು ಸಿಕ್ಕಿರುತ್ತದೆ. ಹೈಡ್ರಾಲಿಕ್ ಬಾಗಿಲು ನಿಧಾನವಾಗಿ ಏರಿದರೆ ಮೊದಲು ಟ್ರ್ಯಾಕ್ಟರ್‌ನ ಹೈಡ್ರಾಲಿಕ್ ಎಣ್ಣೆ ಮಟ್ಟ ನೋಡಿ, ಆಮೇಲೆ ಪೈಪಿನ ಜೋಡಣೆ ತುದಿ ಒರೆಸಿ. ಕೆಲವು ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಲಿಫ್ಟ್‌ಗೂ ಹೊರಗಿನ ಪೈಪಿಗೂ ಒಂದೇ ಎಣ್ಣೆ ದಾರಿ ಇರುತ್ತದೆ. ಅಲ್ಲಿ ಎಣ್ಣೆಯನ್ನು ಹೊರಗಿನ ಪೈಪಿಗೆ ಬಿಡುವ ಗುಬ್ಬಿ (ನಾಬ್) ತಿರುಗಿಸದಿದ್ದರೆ ಬಾಗಿಲು ಕದಲುವುದಿಲ್ಲ.

ಬಿಸಿ

ಒಣ ಹುಲ್ಲು, ಧೂಳು, ಬಿಸಿ ಬೇರಿಂಗ್ ಸೇರಿದರೆ ಬೆಂಕಿಗೆ ಇನ್ನೇನೂ ಬೇಡ. ಕೆಲಸದ ನಡುವೆ ಮಷಿನ್ ಬಂದ್ ಮಾಡಿ, ಬೇರಿಂಗ್ ಮನೆಗಳ ಹತ್ತಿರ ಅಂಗೈ ಹಿಡಿಯಿರಿ. ಉಳಿದವು ಬೆಚ್ಚಗಿದ್ದು ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅದು ಹೋಗುವ ಹಂತದಲ್ಲಿದೆ. ಸುತ್ತ ಬಿಗಿದ ಹುಲ್ಲು ಕೊಯ್ದು ತೆಗೆದು, ಗ್ರೀಸ್ ಹಾಕಿ ನೋಡಿ. ಮತ್ತೆ ಸುಟ್ಟರೆ ಬದಲಾಯಿಸುವ ತನಕ ಓಡಿಸಬೇಡಿ. ಚೈನ್ ತೀರಾ ಬಿಗಿ ಇದ್ದರೂ ಬೇರಿಂಗ್ ಸುಡುತ್ತದೆ, ಅದಕ್ಕೇ ಸಿಕ್ಕಾಪಟ್ಟೆ ಬಿಗಿಯಬಾರದು. ಸೈಲೆನ್ಸರ್ ಬುಡದಲ್ಲಿ ಕೂತ ಹೊಟ್ಟನ್ನು ಆಗಾಗ ಗುಡಿಸಿ. ಟ್ರ್ಯಾಕ್ಟರ್ ಮೇಲೆ ಎರಡು ಕ್ಯಾನ್ ನೀರು, ಸಾಧ್ಯವಾದರೆ ಬೆಂಕಿ ಆರಿಸುವ ಸಿಲಿಂಡರ್ ಕೂಡ ಇರಲಿ.

ಕಟ್ಟಿದ ರೋಲ್‌ಗಳೂ ಬಿಸಿಯಾಗುತ್ತವೆ. ಹಸಿ ಇದ್ದಾಗ ಕಟ್ಟಿ ಒತ್ತಾಗಿ ಒಟ್ಟಿದರೆ ಒಳಗೆ ಕಾವು ಏರಿ ಬೂಸ್ಟು ಹಿಡಿಯುತ್ತದೆ, ಕೆಲವೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅನುಮಾನ ಬಂದರೆ ಒಟ್ಟಿದ ರಾಶಿಯ ನಡುವಿಗೆ ಉದ್ದನೆ ಕಬ್ಬಿಣದ ಸರಳು ಚುಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಎಳೆದು ಮುಟ್ಟಿ. ಬೆಚ್ಚಗಿದ್ದರೆ ದಿನಾ ನೋಡುತ್ತಿರಿ. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ರಾಶಿ ಮೇಲೆ ಹತ್ತಬೇಡಿ, ನೀರು ಹತ್ತಿರ ಇಟ್ಟುಕೊಳ್ಳದೆ ಕೆದರಲೂ ಬೇಡಿ. ಒಳಗೆ ಗಾಳಿ ಹೋದ ಕೂಡಲೇ ಉರಿ ಏಳಬಹುದು. 101ಕ್ಕೆ, ಅಂದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, ಅವರು ಬಂದ ಮೇಲೆ ಬಿಚ್ಚಿ.